ವಾರದ ಸಾರದ ಮೂರನೆಯ ಅಂಕಣ

ಮಡಗಾಂವಿನಲ್ಲಿ ಪ್ರಚಲಿತ ವಿದ್ಯಮಾನಗಳ ಸಾರವನ್ನು ಬರೆಯುವ ಕೆಲಸಕ್ಕೆ ನಾನು ಸೇರಿದ ಕಾಲದಲ್ಲಿ ಕನ್ನಡ ಪತ್ರಿಕೆಗಳು ಹುಬ್ಬಳ್ಳಿಯಿಂದ ಬಸ್ಸಿನ ಮೇಲೆ ಬರುತ್ತಿದ್ದವು. ಗೋವೆಯ ಪತ್ರಿಕೆಗಳು ಬೆಳಗಿನ ಚಹಾದ ಜೊತೆಗೇ ಸಿಗುತ್ತಿದ್ದವು. ಕನ್ನಡದ ಕಟ್ಟು ಮಾತ್ರ ಘಟ್ಟ ಇಳಿದು, ಫೋಂಡಾದಲ್ಲಿ ಒಂದಿಷ್ಟು ಹೊತ್ತು ನಿಂತು, ಮಂದಿ ಊಟಕ್ಕೆ ಕೂಡುವ ವೇಳೆಗೆ ಬಸ್ ನಿಲ್ದಾಣ ತಲುಪುತ್ತಿತ್ತು. ನನ್ನ ಮೇಜಿನ ಎಡಕ್ಕೆ ಘಟ್ಟದ ಕೆಳಗಿನ ಸುದ್ದಿ, ಬಲಕ್ಕೆ ಘಟ್ಟದ ಮೇಲಿನ ಸುದ್ದಿ. ಈ ಎರಡರ ನಡುವೆ ಇರುವುದು ಅರ್ಧ ದಿನದ ಅಂತರವಷ್ಟೇ ಎಂದು ನಾನು ಬಹುಕಾಲ ನಂಬಿದ್ದೆ. ಅದು ಬರೀ ಹೊತ್ತಿನ ಅಂತರವಲ್ಲ ಎಂಬುದು ತಿಳಿಯಲು ಒಬ್ಬ ವಿದ್ಯಾರ್ಥಿನಿಯೇ ಬರಬೇಕಾಯಿತು. ನಾಗರಿಕ ಸೇವಾ ಪರೀಕ್ಷೆಗಳಿಗೆ ಪಾಠ ಹೇಳಲು, ಅದರಲ್ಲೂ ಸುದ್ದಿಯ ಸಾರವನ್ನು ಸಿದ್ಧಪಡಿಸಲು ಈಗ ಹೊಸದಾಗಿ ಬರುತ್ತಿರುವ ತರುಣ ತರುಣಿಯರಿಗಾಗಿ ಅವಳ ಕಥೆಯನ್ನೂ ಅದರ ಹಿಂದುಮುಂದಿನ ನಾಲ್ಕು ಸಂಗತಿಗಳನ್ನೂ ಬರೆದಿಡುತ್ತಿದ್ದೇನೆ.

ಮೊದಲು ಕೆಲಸದ ಸ್ವರೂಪವನ್ನು ಹೇಳಬೇಕು. ಪತ್ರಿಕೆಯನ್ನು ಕತ್ತರಿಸಿ ಅಂಟಿಸುವುದೇ ಈ ಕೆಲಸ ಎಂದು ಹೊರಗಿನವರು ತಿಳಿಯುತ್ತಾರೆ. ಒಂದು ಸೇತುವೆ ಉದ್ಘಾಟನೆಯಾಯಿತು ಎನ್ನಿ. ಯಾರು ರಿಬ್ಬನ್ ಕತ್ತರಿಸಿದರು ಎಂಬುದು ಪತ್ರಿಕೆಗೆ ಬೇಕಾದ ಸಂಗತಿ. ಆ ಸೇತುವೆಯ ಕೆಳಗಿನ ಜಮೀನು ಯಾವ ಕಾನೂನಿನ ಪ್ರಕಾರ ಬಂತು, ದೋಣಿ ನಡೆಸುತ್ತಿದ್ದವರು ಎಲ್ಲಿ ಹೋದರು, ಖರ್ಚನ್ನು ಕೇಂದ್ರ ಕೊಟ್ಟಿತೋ ರಾಜ್ಯ ಕೊಟ್ಟಿತೋ ಎಂಬುದು ಪರೀಕ್ಷೆಗೆ ಬೇಕಾದ ಸಂಗತಿ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಹುಡುಕಬೇಕು. ಹುಡುಕಿದ್ದನ್ನು ಬಂದರಿನಲ್ಲಿ ದುಡಿಯುವವನ ಮಗಳೂ ಗಾರೆ ಕೆಲಸದವನ ಮಗನೂ ಒಂದೇ ಓದಿಗೆ ಗ್ರಹಿಸುವಂತೆ ಬರೆಯಬೇಕು. ನಮ್ಮ ಸಾರದ ಹಾಳೆಯ ಮುಂಬದಿ ಕನ್ನಡದಲ್ಲಿಯೂ ಹಿಂಬದಿ ಇಂಗ್ಲಿಷಿನಲ್ಲಿಯೂ ಇರುತ್ತಿತ್ತು. ಅದು ಪ್ರತಿ ಶನಿವಾರ ಹೊರಡುತ್ತಿತ್ತು.

ನಮ್ಮ ಕೇಂದ್ರವಿದ್ದದ್ದು ಮಡಗಾಂವ್ ಮಾರುಕಟ್ಟೆಯ ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ. ಅಂಗಡಿಯ ಮಾಲೀಕರು ಬೆಳಗಾವಿಯ ಮಹಾಂತೇಶ ಸಾವಕಾರರು. ತಮ್ಮ ಗಿರಾಕಿಗಳ ಮಕ್ಕಳು ಅಪ್ಪಂದಿರ ಹಿಂದೆಯೇ ಕಟ್ಟಡದ ಸೈಟಿಗೆ ಹೋಗುವುದನ್ನು ನೋಡಿ ನೋಡಿ ಬೇಸತ್ತು, ಮಾಳಿಗೆಯನ್ನು ತೆರವು ಮಾಡಿಸಿ ಬೆಂಚು ಹಾಕಿಸಿದ್ದರು. ಏಣಿಯ ಮೆಟ್ಟಿಲುಗಳ ಅರ್ಧ ಅಗಲಕ್ಕೆ ಇಳಕಲ್ ಸೀರೆಗಳ ಗಂಟು ಇರುತ್ತಿದ್ದುದರಿಂದ ಸಂವಿಧಾನ ಓದಲು ಬರುವವರು ಒಂದು ಬದಿಯಿಂದಲೇ ಹತ್ತಬೇಕಿತ್ತು. ನನ್ನ ವೃತ್ತಿಜೀವನದಲ್ಲಿ ಮೇಲಧಿಕಾರಿ ಎಂದು ಕರೆಯಬಹುದಾದವರು ಅವರೊಬ್ಬರೇ. ಒಳ್ಳೆಯ ಮನುಷ್ಯ. ವ್ಯಾಪಾರಿಯೂ ಹೌದು.

ಒಮ್ಮೆ ಅವರು ಮೇಲೆ ಬಂದು ಕುಳಿತು, ತಲೆಯ ಟೊಪ್ಪಿಗೆ ಸರಿಮಾಡಿಕೊಂಡು, ಬಹಳ ಹೊತ್ತು ಬೇರೆ ಮಾತಾಡಿ, ಕೊನೆಗೆ ಹೇಳಿದರು: "ಅಕ್ಕಾವ್ರ, ಆ ಮೂಲಿ ಕ್ಲಾಸಿನವರು 'ಬರೂ ಪ್ರಶ್ನೆ ಇವೇ, ಗ್ಯಾರಂಟಿ' ಅಂತ ಬೋರ್ಡ್ ಹಚ್ಯಾರ. ನಾವೂ ಏನರ ಹಚ್ಚೂಣಲ್ಲ?"

"ಸಾವ್ಕಾರ್ರ, ನೀವು ಸೀರಿ ಬಣ್ಣಕ್ಕ ಗ್ಯಾರಂಟಿ ಕೊಡ್ತೀರೇನು?" ಎಂದು ನಾನು ಕೇಳಿದೆ.

"ಕೊಡೂದಿಲ್ರಿ. ಮೊದಲನೇ ಸಲ ಉಪ್ಪುನೀರಾಗ ನೆನಸ್ರಿ ಅಂತ ಹೇಳ್ತೀನಿ."

"ನಾನೂ ಅಷ್ಟ ಹೇಳ್ತೇನ್ರಿ."

ಅವರು ನಕ್ಕು ಇಳಿದು ಹೋದರು. ಬೋರ್ಡಿನ ಮಾತು ಮತ್ತೆ ಬರಲಿಲ್ಲ. ಆದರೆ ಬಾಗಿಲ ಬಳಿ ಬಂದು ವಿಚಾರಿಸುವವರಲ್ಲಿ ಅರ್ಧದಷ್ಟು ಮಂದಿ ಆ ಮೂಲೆಯ ಕ್ಲಾಸಿಗೆ ಹೋದರು ಎಂಬುದನ್ನೂ ನಾನು ಹೇಳಬೇಕು. ಈ ವೃತ್ತಿಯಲ್ಲಿ ಪ್ರಾಮಾಣಿಕವಾಗಿ ಇರುವವರ ಬೆಂಚುಗಳು ಕೆಲವು ವರ್ಷ ಖಾಲಿ ಇರುತ್ತವೆ. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಬನ್ನಿ.

ಧಾರವಾಡದ ಕಾಲೇಜಿನಲ್ಲಿ ನಾನು ಚರ್ಚಾಪಟುವಾಗಿ ಬೆಳೆದವಳು. ನಮ್ಮ ಗುರುಗಳು ಚೀಟಿ ಎತ್ತಿಸುವವರೆಗೂ ನಾವು ಪರವೋ ವಿರೋಧವೋ ಎಂಬುದನ್ನು ಹೇಳುತ್ತಿರಲಿಲ್ಲ. ಎರಡೂ ಬದಿಯನ್ನು ಸಮಾನ ಬಲದಿಂದ ವಾದಿಸಬಲ್ಲವನಿಗೆ ಮಾತ್ರ ಒಂದು ಬದಿಯನ್ನು ಆರಿಸಿಕೊಳ್ಳುವ ಹಕ್ಕಿದೆ ಎಂಬುದು ಅಲ್ಲಿ ಕಲಿತ ಪಾಠ. ಸಮಾಜ ಸುಧಾರಣೆಯ ಮೊದಲ ಮೆಟ್ಟಿಲೇ ಇದು ಎಂದು ನಾನು ನಂಬಿದ್ದೆ. ಈಗಲೂ ಬಹುಮಟ್ಟಿಗೆ ನಂಬುತ್ತೇನೆ. ಹಾಗಾಗಿ ನನ್ನ ಸಾರದಲ್ಲಿ ಪ್ರತಿಯೊಂದು ವಿಷಯಕ್ಕೂ ಮೊದಲು ಹಿನ್ನೆಲೆಯ ನಾಲ್ಕು ಸಾಲು, ಅದರ ಕೆಳಗೆ ಪರ, ವಿರೋಧ ಎಂಬ ಎರಡು ಅಂಕಣ. ಶನಿವಾರದ ಚರ್ಚೆಯಲ್ಲಿ ಒಂದೇ ನಿಯಮ: ಯಾವ ಬದಿ ನಿಮ್ಮ ಮನೆಗೆ ಹತ್ತಿರವೋ ಅದರ ಎದುರಿನ ಬದಿಯನ್ನು ನೀವು ವಾದಿಸಬೇಕು. ಗೋವೆಯ ಅದಿರು ಗಣಿಗಳು ನಿಂತು ಅಣ್ಣನ ಟಿಪ್ಪರ್ ಮನೆಯ ಮುಂದೆ ತುಕ್ಕು ಹಿಡಿಯುತ್ತಿದ್ದಾಗ, ತಮ್ಮನೊಬ್ಬ ನಮ್ಮಲ್ಲಿ ಗಣಿ ನಿಲ್ಲಿಸಿದ್ದೇ ಸರಿ ಎಂದು ಸೊಗಸಾಗಿ ವಾದಿಸಿದ. ಅದೇ ಉಮೇದಿನಲ್ಲಿ ಮನೆಗೆ ಹೋಗಿ ಅಲ್ಲಿಯೂ ವಾದಿಸಿದ. ಮುಂದಿನ ಶನಿವಾರ ಬಂದು, "ಅಕ್ಕಾವ್ರ, ನಿಮ್ಮ ನಿಯಮ ಮನಿಗೆ ನಡಿಯೂದಿಲ್ರಿ, ಊಟ ತಪ್ಪತೈತಿ" ಎಂದು ಹೇಳಿ ಎಲ್ಲರನ್ನೂ ನಗಿಸಿದ.

ಕಾಲ ಸರಿದಂತೆ ಕತ್ತರಿ, ಗೋಂದು ಹೋದವು. ಪತ್ರಿಕೆಗಳು ಫೋನಿನೊಳಗೆ ಬಂದವು. ಬಸ್ಸಿಗೆ ಕಾಯುವುದು ತಪ್ಪಿತು. ಕೆಲಸ ಹಗುರವಾಯಿತು, ತಪ್ಪುಗಳೂ ಹಗುರವಾಗಿ ನುಸುಳತೊಡಗಿದವು. ಸಂಸತ್ತಿನಲ್ಲಿ ಮಂಡನೆಯಾಗಿದ್ದ ಒಂದು ಮಸೂದೆಯನ್ನು, ಯಾವುದೋ ಗುಂಪಿನಲ್ಲಿ ಬಂದ ಸಂದೇಶವನ್ನು ನೆಚ್ಚಿ, ಜಾರಿಗೆ ಬಂದ ಕಾಯ್ದೆ ಎಂದು ಒಮ್ಮೆ ಮುದ್ರಿಸಿಬಿಟ್ಟೆವು. ವಿದ್ಯಾರ್ಥಿಗಳು ಯಾರೂ ಗಮನಿಸಲಿಲ್ಲ. ಗಮನಿಸಿದವರು ನಾಯಕ ಬಾಬ್; ಕೊಂಕಣಿಯಲ್ಲಿ ಬಾಬ್ ಎಂದರೆ ರಾಯರು. ಅವರು ಮಾಮಲೇದಾರರ ಕಚೇರಿಯಲ್ಲಿ ದೀರ್ಘಕಾಲ ದುಡಿದು ನಿವೃತ್ತರಾಗಿದ್ದ ಗೋವೆಯ ಹಿರಿಯರು. ಮಾಮಲೇದಾರ ಎಂದರೆ ನಮ್ಮ ಕಡೆಯ ತಹಸೀಲ್ದಾರ. ಅವರು ಅಂಗಡಿಯಲ್ಲಿ ಕೊಂಡ ಅಂಗಿಯ ಬಟ್ಟೆಯನ್ನು ಸಾವಕಾರರು ನಮ್ಮ ಹಳೆಯ ಸಾರದ ಹಾಳೆಯಲ್ಲಿ ಸುತ್ತಿ ಕೊಟ್ಟಿದ್ದರು. ಮನೆಯಲ್ಲಿ ಅದರ ಇಂಗ್ಲಿಷ್ ಬದಿಯನ್ನು ಓದಿದ ಅವರು ಮರುದಿನವೇ ಏಣಿ ಹತ್ತಿ ಬಂದು, ಆ ಸಾಲಿನ ಮೇಲೆ ಬೆರಳಿಟ್ಟು ಕೊಂಕಣಿಯಲ್ಲಿ ಹೇಳಿದ ಮಾತಿನ ಅರ್ಥ ಇದು: ಈ ಮಗು ಇನ್ನೂ ಹುಟ್ಟಿಲ್ಲ, ನೀವು ಆಗಲೇ ತೊಟ್ಟಿಲು ಕಟ್ಟಿ ಹೆಸರಿಟ್ಟಿದ್ದೀರಿ.

ಮುಂದಿನ ವಾರದ ಹಾಳೆಯ ಮೊದಲ ಸಾಲಿನಲ್ಲಿ ತಿದ್ದುಪಡಿ ಹಾಕಿದೆವು. ಅದನ್ನು ನೋಡಿ ಅವರಿಗೆ ನಮ್ಮ ಮೇಲೆ ವಿಶ್ವಾಸ ಮೂಡಿತು. ಅಣಕು ಸಂದರ್ಶನಗಳಿಗೆ ಬಂದು ಕೂಡಲು ಒಪ್ಪಿಕೊಂಡರು. ತಪ್ಪನ್ನು ಹಿಂಬದಿಯ ಮೂಲೆಯಲ್ಲಿ ತಿದ್ದಿದ್ದರೆ ಅವರು ಬರುತ್ತಿರಲಿಲ್ಲವೆಂದು ಆಮೇಲೆ ಅವರೇ ಹೇಳಿದರು.

ಇನ್ನು ಭಾರತಿಯ ವಿಷಯ.

ಭಾರತಿ ತಳವಾರ ವಾಸ್ಕೋದವಳು. ತಂದೆ ಯಲ್ಲಪ್ಪ ನವಲಗುಂದದ ಕಡೆಯ ಒಂದು ಹಳ್ಳಿಯಿಂದ ಬಂದು, ಬಂದರಿನಲ್ಲಿ ದಿನಗೂಲಿಗೆ ಸರಕು ಇಳಿಸುವ ಕೆಲಸ ಮಾಡುತ್ತಿದ್ದ. ಭಾರತಿ ವಾಸ್ಕೋದಲ್ಲೇ ಹುಟ್ಟಿ, ಓಣಿಯಲ್ಲಿ ಕೊಂಕಣಿ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಕಲಿತವಳು. ಗೋವೆಯ ರಾಜ್ಯ ಸೇವೆಯ ಪರೀಕ್ಷೆಗೆ ಕೂತು ಎರಡು ಸಲ ಹಿಂದೆ ಬಿದ್ದಿದ್ದಳು. ಮೂರನೆಯ ಸಲ ಲಿಖಿತ ಪರೀಕ್ಷೆ ದಾಟಿ ಸಂದರ್ಶನಕ್ಕೆ ಆಯ್ಕೆಯಾದಳು. ವಯಸ್ಸಿನ ಮಿತಿ ಮುಗಿಯುತ್ತಿದ್ದುದರಿಂದ ಅವಳಿಗೆ ಇದೇ ಕೊನೆಯ ಅವಕಾಶ. ಸಿಕ್ಕರೆ ಅಧಿಕಾರಿ. ಇಲ್ಲದಿದ್ದರೆ ಹಡಗು ಏಜೆಂಟರ ಕಚೇರಿಯಲ್ಲಿ ಈಗ ಮಾಡುತ್ತಿರುವ ಟೈಪಿಂಗ್ ಕೆಲಸವೇ ಕೊನೆಯವರೆಗೆ.

ಆ ವರ್ಷ ಮಹದಾಯಿ ನದಿಯ ವಿವಾದ ಮತ್ತೆ ದಿನನಿತ್ಯದ ಸುದ್ದಿಯಾಗಿತ್ತು. ಘಟ್ಟದ ಮೇಲೆ ಹುಟ್ಟಿ ಗೋವೆಗೆ ಇಳಿಯುವ ಈ ನದಿಯ ನೀರನ್ನು ಹುಬ್ಬಳ್ಳಿ, ಧಾರವಾಡ, ನವಲಗುಂದಗಳ ಕಡೆಗೆ ತಿರುಗಿಸಬೇಕೆಂದು ಕರ್ನಾಟಕ ಕೇಳುತ್ತದೆ. ಒಂದು ಹನಿಯನ್ನೂ ತಿರುಗಿಸಕೂಡದೆಂದು ಗೋವೆ ಹೇಳುತ್ತದೆ. ನ್ಯಾಯಮಂಡಳಿಯೂ ಸರ್ವೋಚ್ಚ ನ್ಯಾಯಾಲಯವೂ ನೋಡಿದ, ನೋಡುತ್ತಿರುವ ವ್ಯಾಜ್ಯ ಇದು. ಸಂದರ್ಶನದಲ್ಲಿ ಈ ಪ್ರಶ್ನೆ ಬರುವುದೆಂದು ಹೇಳಲು ಗ್ಯಾರಂಟಿಯ ಬೋರ್ಡು ಬೇಕಿರಲಿಲ್ಲ. ತಳವಾರ ಎಂಬ ಅಡ್ಡಹೆಸರು ಓದಿದ ಗೋವೆಯ ಯಾವ ಅಧಿಕಾರಿಗೂ ಅವಳ ಹಿರಿಯರು ಘಟ್ಟದ ಯಾವ ಬದಿಯವರೆಂದು ಬಿಡಿಸಿ ಹೇಳಬೇಕಿರಲಿಲ್ಲ.

ಅಣಕು ಸಂದರ್ಶನದ ದಿನ ನಾಯಕ ಬಾಬ್ ಮಧ್ಯದ ಕುರ್ಚಿಯಲ್ಲಿ ಕುಳಿತರು. ನಾನು ಬದಿಯಲ್ಲಿದ್ದೆ. ನದಿಯ ಬಗ್ಗೆ ಹೇಳು ಎಂದು ಅವರು ಕೊಂಕಣಿಯಲ್ಲಿ ಕೇಳಿದರು. ಭಾರತಿ ಸ್ಪಷ್ಟವಾಗಿ, ಕ್ರಮವಾಗಿ ಆರಂಭಿಸಿದಳು. ನದಿಯ ಉಗಮ ಹೇಳಿದಳು, ಕಣಿವೆಯ ವಿಸ್ತಾರ ಹೇಳಿದಳು. ಮುಂದಿನ ವಾಕ್ಯದಲ್ಲಿ, ಅದರ ಹೆಚ್ಚಿನ ನೀರು ಬಳಕೆಯಾಗದೆ ಸಮುದ್ರ ಸೇರಿ ವ್ಯರ್ಥವಾಗುತ್ತದೆ ಎಂದಳು.

ನಾಯಕ ಬಾಬ್ ಕೈ ಎತ್ತಿ ನಿಲ್ಲಿಸಿದರು. ಸಮುದ್ರಕ್ಕೆ ಸೇರುವ ನೀರು ವ್ಯರ್ಥವೆಂದು ನಿನಗೆ ಹೇಳಿದವರು ಯಾರು ಎಂದು ಮೆಲ್ಲಗೆ ಕೇಳಿದರು. ಮೇಲಿನಿಂದ ಸಿಹಿನೀರು ಒತ್ತದಿದ್ದರೆ ಕಡಲ ನೀರು ನದಿಯೊಳಗೆ ಏರಿ ಬರುತ್ತದೆ, ತಮ್ಮೂರಿನ ಖಾಜನ್ ಗದ್ದೆಗಳು, ಅಂದರೆ ಹಿನ್ನೀರಿಗೆ ಒಡ್ಡು ಕಟ್ಟಿ ಉಳುವ ಭೂಮಿ, ಉಪ್ಪಾಗಿ ಹೋಗುತ್ತವೆ ಎಂದರು. ಆಮೇಲೆ, ತಂದೆಯ ಊರು ಯಾವುದು ಎಂದು ಕೇಳಿದರು.

ಭಾರತಿ, ವಾಸ್ಕೋ ಎಂದಳು.

ವಾಸ್ಕೋದಲ್ಲಿ ಯಾರ ಅಪ್ಪನೂ ಹುಟ್ಟುವುದಿಲ್ಲ ಮಗಳೇ, ಎಲ್ಲರೂ ಅಲ್ಲಿ ಬಂದು ಇಳಿಯುವವರೇ ಎಂದು ಅವರು ನಕ್ಕರು. ಅವಳಿಗೆ ನಗು ಬರಲಿಲ್ಲ. ಸಾವರಿಸಿಕೊಂಡು ಕರ್ನಾಟಕದ ವಾದವನ್ನು ಹೇಳಿದಳು, ಅಷ್ಟೇ ಅಳತೆಯಲ್ಲಿ ಗೋವೆಯ ವಾದವನ್ನೂ ಹೇಳಿದಳು. ನಮ್ಮ ಶನಿವಾರದ ಚರ್ಚೆಯಲ್ಲಾಗಿದ್ದರೆ ಎರಡಕ್ಕೂ ಚಪ್ಪಾಳೆ ಬೀಳುತ್ತಿತ್ತು. ಅವರು ಪೂರ್ತಿ ಕೇಳಿಸಿಕೊಂಡು, ಮುಂದಕ್ಕೆ ಬಾಗಿ, "ಬಾಯ್, ತುಕಾ ಕಿತೆಂ ದಿಸ್ತಾ?" ಎಂದರು. ಮಗಳೇ, ನಿನಗೇನು ಅನ್ನಿಸುತ್ತದೆ?

ಭಾರತಿ ಕರ್ನಾಟಕದ ವಾದದ ಮೊದಲ ವಾಕ್ಯವನ್ನೇ ಮತ್ತೆ ಆರಂಭಿಸಿ ಅರ್ಧಕ್ಕೆ ನಿಲ್ಲಿಸಿದಳು. ಕೆಳಗೆ ಅಂಗಡಿಯಲ್ಲಿ ಯಾರೋ ಬಟ್ಟೆ ಹರಿದ ಸದ್ದು ಕೇಳಿಸಿತು. ನಾಯಕ ಬಾಬ್ ಕೈಮುಗಿದು ಎದ್ದರು.

ಹೊರಗೆ ಮೆಟ್ಟಿಲ ಮೇಲೆ ಸೀರೆಯ ಗಂಟಿಗೆ ಒರಗಿ ನಿಂತು ಅವಳು ಹೇಳಿದಳು: "ಅಕ್ಕಾವ್ರ, ಪರ ಏನಂತ ಗೊತ್ತೈತಿ, ವಿರೋಧ ಏನಂತ ಗೊತ್ತೈತಿ. ನನಗೇನ ಅನಸ್ತೈತಿ ಅನ್ನೂದು ಖರೇನ ಗೊತ್ತಿಲ್ರಿ."

ಈ ಸುದ್ದಿ ಕೆಳಗೆ ಅಂಗಡಿಗೆ ತಲುಪಲು ಹೊತ್ತು ಹಿಡಿಯಲಿಲ್ಲ. ಸಾವಕಾರರ ಸಲಹೆ ನೇರವಾಗಿತ್ತು. "ಊರು ಕೇಳಿದ್ರ ವಾಸ್ಕೋ ಅನ್ನು. ನದಿ ಕೇಳಿದ್ರ ಕೋರ್ಟಿನಾಗ ಐತಿ ಅನ್ನು. ಮುಗೀತಲ್ಲವ್ವಾ, ಎದ್ದು ಬಾ." ಅವರು ಗೋವೆಯ ಮಾರುಕಟ್ಟೆಯಲ್ಲಿ ಇಷ್ಟು ವರ್ಷ ವ್ಯಾಪಾರ ನಡೆಸಿದ್ದು ಇದೇ ಜಾಣತನದಿಂದ. ಅದನ್ನು ಹಗುರಾಗಿ ಕಾಣಲು ನನಗೆ ಮನಸ್ಸಿಲ್ಲ. ಪರವೂರಿನಲ್ಲಿ ಬದುಕು ಕಟ್ಟಿದವರು ಹೀಗೆ ಮಾತನ್ನು ನುಂಗಿಕೊಂಡೇ ಬದುಕು ಕಟ್ಟಿರುತ್ತಾರೆ.

ಎರಡು ದಿನ ಬಿಟ್ಟು ಯಲ್ಲಪ್ಪನೇ ವಾಸ್ಕೋದಿಂದ ಬಂದ. ಬೆಂಚಿನ ತುದಿಯಲ್ಲಿ ಕುಳಿತು, ಟೋಪಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಬಂದ ಕಾರಣವನ್ನು ಹೇಳಿದ. ಊರಿನಲ್ಲಿ ಅವನ ಅಣ್ಣ ನದಿ ನೀರಿನ ಹೋರಾಟದಲ್ಲಿ ಮುಂದಾಳುಗಳ ಜೊತೆ ಕೂತವನು. ಮಗಳು ನೀರು ಗೋವೆಯದೆಂದು ಹೇಳಿದಳೆಂದರೆ ಊರಿನ ಕಟ್ಟೆಯ ಮೇಲೆ ತಾನು ಕೂಡುವಂತಿಲ್ಲ. ಕರ್ನಾಟಕದ್ದೆಂದು ಹೇಳಿದಳೆಂದರೆ ನೌಕರಿ ಸಿಗುವುದಿಲ್ಲ. ಆಮೇಲೆ ದನಿ ತಗ್ಗಿಸಿ ಕೇಳಿದ:

"ಅಕ್ಕಾವ್ರ, ಯಾವ ಪ್ರಶ್ನೆ ಬರತೈತಿ ಅಂತ ನಿಮಗ ಮೊದಲ ಗೊತ್ತಾಗತೈತಂತ. ಈ ಒಂದು ಪ್ರಶ್ನೆ ಬರದಂಗ ನೋಡ್ರಿ. ಉಳಿದದ್ದು ಆಕಿ ನೋಡ್ಕೋತಾಳ."

ಹವಾಮಾನ ಹೇಳುವವರ ಕೈಯಲ್ಲಿ ಮಳೆ ಇರುವುದಿಲ್ಲ ಎಂದು ನಾನು ವಿವರಿಸಿದೆ. ಅವನು ತಲೆಯಾಡಿಸಿದ. ಆದರೆ ನಾನು ಮನಸ್ಸು ಮಾಡುತ್ತಿಲ್ಲ ಎಂದೇ ಅವನು ತಿಳಿದಂತೆ ನನಗೆ ಕಂಡಿತು.

ಆ ರಾತ್ರಿಯಲ್ಲ, ಮರುದಿನ ಬೆಳಗಿನ ಬೆಳಕಿನಲ್ಲಿ ನಾನು ನಮ್ಮ ಸಾರದ ಹಳೆಯ ಹಾಳೆಗಳನ್ನು ತೆರೆದು ಓದಿದೆ. ವ್ಯರ್ಥ ಎಂಬ ಮಾತು ಪರ ಅಂಕಣದಲ್ಲಿ ಇರಲಿಲ್ಲ, ವಿರೋಧ ಅಂಕಣದಲ್ಲೂ ಇರಲಿಲ್ಲ. ಅದು ಹಿನ್ನೆಲೆಯ ನಾಲ್ಕು ಸಾಲುಗಳಲ್ಲಿತ್ತು. ಯಾರೂ ವಾದಿಸದ, ಎಲ್ಲರೂ ನಿಜವೆಂದು ಒಪ್ಪಿ ಮುಂದೆ ಹೋಗುವ ಜಾಗದಲ್ಲಿ. ಪ್ರತಿ ಸಲ ನದಿಯ ಸುದ್ದಿ ಬಂದಾಗ ಅದೇ ನಾಲ್ಕು ಸಾಲು ಮತ್ತೆ ಅಚ್ಚಾಗಿತ್ತು. ಹುಬ್ಬಳ್ಳಿಯ ಕಟ್ಟಿನೊಂದಿಗೆ ಬಸ್ಸು ಹತ್ತಿ, ಘಟ್ಟ ಇಳಿದು, ಮಡಗಾಂವಿನ ಮಾಳಿಗೆಯ ಮೇಲೆ ಹಿನ್ನೆಲೆಯಾಗಿ ಕುಳಿತ ವಾಕ್ಯ ಅದು. ಹುಬ್ಬಳ್ಳಿಯಲ್ಲಿ ಅದನ್ನು ಬರೆದವನು ಸುಳ್ಳು ಬರೆದಿರಲಿಲ್ಲ. ಅವನು ನಿಂತ ಜಾಗದಿಂದ ಕಡಲಿಗೆ ಹೋಗುವ ನೀರು ಹಾಗೆಯೇ ಕಾಣುತ್ತದೆ. ಗೋವೆಯ ಪತ್ರಿಕೆಯಲ್ಲಿ ಅದೇ ನದಿ ತಾಯಿ, ತಿರುಗಿಸುವವರು ಕಳ್ಳರು. ಅವರು ನಿಂತ ಜಾಗದಿಂದ ಅದೂ ಹಾಗೆಯೇ ಕಾಣುತ್ತದೆ. ಘಟ್ಟ ಇಳಿದು ಬಂದು ಗೋವೆಯಲ್ಲಿ ನೆಲೆಸಿದ ನಮ್ಮಂಥವರಿಗೆ ಮಾತ್ರ ಈ ತಪ್ಪು ಸಾಧ್ಯ. ಕೆಳಗೆ ಕುಳಿತು ಮೇಲಿನ ಕಣ್ಣಿನಿಂದ ನೋಡುತ್ತೇವೆ, ಹಾಗೆ ನೋಡುತ್ತಿದ್ದೇವೆ ಎಂಬುದು ನಮಗೆ ತಿಳಿದಿರುವುದಿಲ್ಲ.

ಭಾರತಿಯನ್ನು ಕರೆದು ಎರಡೂ ಕಡೆಯ ಪತ್ರಿಕೆಗಳನ್ನು ನೆಲದ ಮೇಲೆ ಹರಡಿದೆವು. ಪ್ರತಿ ಸುದ್ದಿಯ ಪಕ್ಕದಲ್ಲಿ, ಬರೆದವನು ಎಲ್ಲಿ ನಿಂತಿದ್ದಾನೆ, ಅವನ ಮನೆಯ ನಲ್ಲಿಗೆ ಯಾವ ನೀರು ಬರುತ್ತದೆ ಎಂದು ಬರೆಯುತ್ತ ಹೋದೆವು. ಒಂದು ಕಡೆ ಕಾಮಗಾರಿ ಪರಿಶೀಲನೆ ಎಂದಿದ್ದದ್ದು ಇನ್ನೊಂದು ಕಡೆ ಅಕ್ರಮ ಕಾಮಗಾರಿ ಎಂದಿತ್ತು. ಹೀಗೆ ನಮ್ಮ ಸಾರಕ್ಕೆ ಮೂರನೆಯ ಅಂಕಣ ಬಂತು. ಅದಕ್ಕೆ 'ನಿಂತ ಜಾಗ' ಎಂದು ಹೆಸರಿಟ್ಟೆವು. ಕೊನೆಯಲ್ಲಿ ಭಾರತಿ ಪೆನ್ನು ಎತ್ತಿಕೊಂಡಳು. "ನಂದು ಎಲ್ಲಿ ಬರೀಲ್ರಿ?" ಎಂದು ಕೇಳಿದಳು. ನಾಯಕ ಬಾಬ್ ಅವರನ್ನು ಕೇಳೋಣ ಎಂದೆ.

ಅವರು ಭಾನುವಾರ ತಮ್ಮ ಊರಿಗೆ ಬರಹೇಳಿದರು. ನದಿಯ ಹಿನ್ನೀರಿಗೆ ಹತ್ತಿದ ಊರು. ಯಲ್ಲಪ್ಪನೂ ಮಗಳ ಜೊತೆ ಬಂದ. ಪ್ರಶ್ನೆ ಬರದಂತೆ ಮಾಡುವ ಉಪಾಯವೇನಾದರೂ ಅಲ್ಲಿ ಸಿಗಬಹುದೆಂಬ ಆಸೆ ಅವನಿಗಿತ್ತೇನೋ. ನಾಯಕ ಬಾಬ್ ನಮ್ಮನ್ನು ಒಡ್ಡಿನ ಮೇಲೆ ನಡೆಸಿಕೊಂಡು ಹೋಗಿ ಒಂದು ಮರದ ತೂಬನ್ನು ತೋರಿಸಿದರು. ಭರತದ ನೀರು ಒತ್ತಿದಾಗ ತಾನೇ ಮುಚ್ಚಿಕೊಳ್ಳುವ, ಇಳಿತದಲ್ಲಿ ತಾನೇ ತೆರೆದುಕೊಳ್ಳುವ ಬಾಗಿಲು ಅದು. ಅದರಾಚೆಯ ಕೆಲವು ಗದ್ದೆಗಳಲ್ಲಿ ಈಗ ಭತ್ತವಿಲ್ಲ, ಜೊಂಡು ಬೆಳೆದಿತ್ತು. ಅವು ತಮ್ಮ ತಂದೆಯ ಗದ್ದೆಗಳೆಂದು ಅವರು ಹೇಳಿದರು. ಹೇಳುವಾಗ ಬೇರೆ ಕಡೆ ನೋಡುತ್ತಿದ್ದರು.

ಯಲ್ಲಪ್ಪ ಕುಕ್ಕರಗಾಲಿನಲ್ಲಿ ಕುಳಿತು ತೂಬಿನ ಒಳಗಿನ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡ. ಕಣ್ಣು ಕಿರಿದು ಮಾಡಿದ. ಬಂದರಿನ ಹಿಂದಿಯಲ್ಲಿ ಅವರಿಗೆ ಏನೋ ಹೇಳಲು ಹೋಗಿ, ಅದು ಸಾಲದೆ, ಮಗಳ ಕಡೆ ತಿರುಗಿದ.

"ಅವ್ವಾ, ಇವರಿಗೆ ಹೇಳು. ಇಷ್ಟ ಉಪ್ಪು ನಮ್ಮೂರ ಬೋರಿನ ನೀರಿನಾಗೂ ಐತಿ. ಬ್ಯಾಳಿ ಬೇಯೂದಿಲ್ಲ. ನಿಮ್ಮ ದೊಡ್ಡಪ್ಪ ಬ್ಯಾರೇದಕ್ಕ ಬಡದಾಡಾಕತ್ತಿಲ್ಲ, ಕುಡಿಯೂ ನೀರಿಗೆ ಬಡದಾಡಾಕತ್ತಾನ."

ಭಾರತಿ ಅದನ್ನು ಕೊಂಕಣಿಯಲ್ಲಿ ಹೇಳಿದಳು. ನಾಯಕ ಬಾಬ್ ಯಲ್ಲಪ್ಪನ ಪಕ್ಕಕ್ಕೆ ಬಂದು ನಿಂತರು. "ಮ್ಹಾಕಾ ಖಬರ್ ನಾಶ್ಲಿ" ಎಂದರು. ತಮಗೆ ಗೊತ್ತಿರಲಿಲ್ಲವೆಂದು. ಅದನ್ನು ಮಗಳು ಕನ್ನಡಕ್ಕೆ ತಿರುಗಿಸುವ ಮೊದಲೇ ಯಲ್ಲಪ್ಪ ಅರ್ಥ ಮಾಡಿಕೊಂಡ. ಜೊಂಡಿನ ಕಡೆ ಕೈ ತೋರಿಸಿ, "ನನಗೂ ಇದು ಗೊತ್ತಿರಲಿಲ್ಲಂತ ಹೇಳವಾ" ಎಂದ. ಹಿಂದಿರುಗುವಾಗ ಇಬ್ಬರೂ ಮುಂದೆ ಮುಂದೆ ನಡೆದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಅರೆಬರೆ ತಿಳಿಯುತ್ತಿದ್ದರೂ ಮಾತು ನಿಲ್ಲಲಿಲ್ಲ. ಹಿಂದೆ ನನ್ನೊಡನೆ ಬರುತ್ತಿದ್ದ ಭಾರತಿ ಅವರ ಮಾತನ್ನೇ ಆಲಿಸುತ್ತಿದ್ದಳು. ಏನು ಅನ್ನಿಸಿತೆಂದು ನಾನು ಕೇಳಲಿಲ್ಲ. ಸಂದರ್ಶನಕ್ಕೆ ಮುಂಚೆ ವಿದ್ಯಾರ್ಥಿಯ ಬಾಯಿಗೆ ಮಾತು ತುರುಕುವುದಕ್ಕಿಂತ ಸುಮ್ಮನಿರುವುದು ಹೆಚ್ಚು ಕಷ್ಟದ ಪಾಠ. ನಾನು ಅದನ್ನು ಆ ದಿನ ಸ್ವಲ್ಪ ಕಲಿತೆ.

ಸಂದರ್ಶನ ಮುಗಿಸಿ ಅವಳು ಪಣಜಿಯಿಂದ ನೇರವಾಗಿ ಅಂಗಡಿಗೆ ಬಂದಳು. ಸಾವಕಾರರು ಗಿರಾಕಿಯನ್ನು ಬಿಟ್ಟು ಎದ್ದು ಬಂದರು. ನದಿಯ ಪ್ರಶ್ನೆ ಬಂದೇ ಬಂತು. ಸಂದರ್ಶಕರು ಊರು ಕೇಳುವ ಮೊದಲೇ ತಾನೇ ಹೇಳಿದಳಂತೆ: ನನ್ನ ತಂದೆ ನವಲಗುಂದದ ಕಡೆಯವರು, ದೊಡ್ಡಪ್ಪ ಆ ನೀರಿಗಾಗಿ ಹೋರಾಡುವವರು, ನಾನು ಹುಟ್ಟಿ ಬೆಳೆದದ್ದು ವಾಸ್ಕೋದಲ್ಲಿ, ಇದನ್ನು ತಿಳಿದು ನನ್ನ ಉತ್ತರವನ್ನು ತೂಗಿ ನೋಡಬೇಕು. ಆಮೇಲೆ ಒಡ್ಡಿನ ಮೇಲೆ ಕಂಡದ್ದನ್ನೂ ಊರಿನ ಬೋರಿನ ನೀರನ್ನೂ ಹೇಳಿದಳಂತೆ. ಎರಡು ಕಡೆಯವರೂ ಉಪ್ಪಿಗೆ ಹೆದರಿದವರು, ಕುಡಿಯುವ ನೀರಿನ ಬೇಡಿಕೆ ನ್ಯಾಯವಾದದ್ದೆಂದು ನನಗೆ ಅನ್ನಿಸುತ್ತದೆ, ಆದರೆ ಕೆಳಗಿನವರ ನಷ್ಟವನ್ನು ಅಳೆಯದೆ ತಿರುಗಿಸುವುದು ಸರಿಯಲ್ಲವೆಂದೂ ಅನ್ನಿಸುತ್ತದೆ, ನನಗೆ ಏನೇ ಅನ್ನಿಸಿದರೂ ನ್ಯಾಯಾಲಯ ಹೇಳಿದ್ದಕ್ಕೆ ಅಧಿಕಾರಿಯಾಗಿ ನಾನು ಬದ್ಧಳು ಎಂದಳಂತೆ. ಹಾಗಾದರೆ ಇಂಥ ಫೈಲು ನಿನ್ನ ಮೇಜಿಗೆ ಬಂದರೆ ಏನು ಮಾಡುವೆ ಎಂದು ಅವರು ಕೇಳಿದರಂತೆ. ತಂದೆಯ ಊರಿನ ಹೆಸರನ್ನು ಮೊದಲ ಸಾಲಿನಲ್ಲಿ ಬರೆದು ಆಮೇಲೆ ಮುಂದಿನದನ್ನು ಬರೆಯುತ್ತೇನೆ ಎಂದಳಂತೆ.

ಸಾವಕಾರರು ಹಣೆ ಮುಟ್ಟಿಕೊಂಡರು. "ಕೇಳದಿದ್ದರೂ ಹೇಳಿ ಬಂದೀಯಲ್ಲವ್ವಾ. ಇನ್ನ ದೇವರ ಮ್ಯಾಲ ಭಾರ."

ಫಲಿತಾಂಶ ಬರುವವರೆಗೆ ಅವಳು ಟೈಪಿಂಗ್ ಕೆಲಸಕ್ಕೆ ಹೋಗುತ್ತಿದ್ದಳು, ಶನಿವಾರ ನಮ್ಮಲ್ಲಿಗೆ ಬಂದು ಮೂರನೆಯ ಅಂಕಣವನ್ನು ತುಂಬುತ್ತಿದ್ದಳು. ಪಟ್ಟಿಯಲ್ಲಿ ಅವಳ ಹೆಸರು ಕೆಳಗಿನ ತುದಿಯಲ್ಲಿತ್ತು. ಆದರೂ ಪಟ್ಟಿಯ ಒಳಗಿತ್ತು. ಯಲ್ಲಪ್ಪ ಪೇಢೆಯ ಡಬ್ಬಿ ತಂದು ಮೊದಲು ನಾಯಕ ಬಾಬ್ ಅವರಿಗೆ ಕೊಟ್ಟ. ನನಗೆ ಕೊಡುವಾಗ, "ಪ್ರಶ್ನಿ ಬಂದದ್ದ ಚಲೋ ಆತ್ರಿ ಅಕ್ಕಾವ್ರ" ಎಂದ.

ಕಥೆಯನ್ನು ಇಲ್ಲಿಗೇ ಮುಗಿಸಿದ್ದರೆ ನನ್ನ ಸುಧಾರಣೆಯ ಉತ್ಸಾಹಕ್ಕೆ ಒಪ್ಪುತ್ತಿತ್ತು. ಆದರೆ ತರುಣರು ಮುಂದಿನದನ್ನೂ ತಿಳಿಯಬೇಕು. ಕೆಲವು ವರ್ಷಗಳ ನಂತರ ನದಿಯಂಚಿನ ತಾಲೂಕಿನಲ್ಲಿದ್ದ ಭಾರತಿಯ ಮೇಜಿಗೆ ಒಂದು ಫೈಲು ಬಂದೇ ಬಂತು. ಒಡ್ಡು ಒಡೆದು ಗದ್ದೆಗೆ ಕಡಲ ಉಪ್ಪುನೀರು ನುಗ್ಗಿದ ದೂರು, ಮೇಲಿನ ರಾಜ್ಯ ನೀರು ತಡೆದದ್ದೇ ಕಾರಣವೆಂಬ ಮನವಿ. ಅವಳು ಹೇಳಿದ್ದಂತೆ ಮೊದಲ ಸಾಲು ಬರೆದಳು. ಮೇಲಧಿಕಾರಿ ಅದನ್ನು ಓದಿ, ಅವಳ ಮೇಲೆ ಸಿಟ್ಟಾಗದೆ, ಫೈಲನ್ನು ಬೇರೊಬ್ಬರ ಮೇಜಿಗೆ ಕಳಿಸಿದರು. ತನ್ನ ಜೀವನದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ತಿಳಿದ ವಿಷಯದ ಮೇಲೆ ಅವಳಿಗೆ ಒಂದು ಸಾಲಿಗಿಂತ ಹೆಚ್ಚು ಬರೆಯಲಾಗಲಿಲ್ಲ.

ಫೋನಿನಲ್ಲಿ ಇದನ್ನು ಹೇಳುವಾಗ ಅವಳ ದನಿ ಸಮವಾಗಿತ್ತು. ಬೇಸರವಾಯಿತೇ ಎಂದು ಕೇಳಿದೆ.

"ಆತ್ರಿ. ಅಪ್ಪಗ ಹೇಳಿದೆ. ಅಂವ ಏನಂದಾ ಗೊತ್ತೇನ್ರಿ? ಚಲೋ ಆತವಾ, ಎರಡೂ ಕಡಿಯವರ ಬೈಗಳ ಉಳೀತು ಅಂದ." ನಕ್ಕಳು. ಆಮೇಲೆ ಹೇಳಿದಳು: "ಫೈಲು ಹೋತ್ರಿ. ಆದ್ರ ಆ ಸಾಲು ಫೈಲಿನಾಗ ಐತಿ. ತಗೊಂಡವರು ಅದನ್ನ ಓದಿ, ನನ್ನ ಕರಸಿ, ಉಪ್ಪಿನ ವಿಷಯ ಕೇಳಿದ್ರು."

ಮೂರನೆಯ ಅಂಕಣ ಈಗ ನಮ್ಮ ಕೇಂದ್ರದಲ್ಲಿ ಪದ್ಧತಿಯಾಗಿ ನಿಂತಿದೆ. ವಿದ್ಯಾರ್ಥಿಗಳು ವಾದಕ್ಕೆ ಏಳುವ ಮುಂಚೆ ತಾವು ನಿಂತ ಜಾಗವನ್ನು ಹೇಳುತ್ತಾರೆ. ನಿಯಮವನ್ನು ಕಂಡು ಮೊದಮೊದಲು ನಗುತ್ತಾರೆ, ನಾಲ್ಕು ವಾರದಲ್ಲಿ ನಗು ನಿಲ್ಲುತ್ತದೆ. ಒಂದು ಲೋಪ ಮಾತ್ರ ಬಹುಕಾಲ ಉಳಿದಿತ್ತು. ಪತ್ರಿಕೆಯವರ ಜಾಗವನ್ನು ನಾವು ಬರೆದೆವು, ವಿದ್ಯಾರ್ಥಿಗಳ ಜಾಗವನ್ನು ಬರೆಸಿದೆವು, ಸಾರ ಬರೆಯುವವಳ ಜಾಗವನ್ನು ಯಾರೂ ಕೇಳಲಿಲ್ಲ. ಹಿನ್ನೆಲೆಯ ನಾಲ್ಕು ಸಾಲು ಎಲ್ಲಿಂದಲೋ ತಾನಾಗಿ ಬಂದಂತೆಯೇ ಅಚ್ಚಾಗುತ್ತಿತ್ತು.

ನಾನು ಕೆಲಸ ಬಿಟ್ಟ ವಾರ ನದಿ ಮತ್ತೆ ಸುದ್ದಿಯಲ್ಲಿತ್ತು. ನನ್ನ ಕೊನೆಯ ಹಾಳೆಯನ್ನು ಸಿದ್ಧಪಡಿಸಲು ಕುಳಿತಾಗ ಕೆಳಗೆ ಅಂಗಡಿಯಲ್ಲಿ ಹಬ್ಬದ ವ್ಯಾಪಾರ ನಡೆದಿತ್ತು. ಉಪ್ಪುನೀರಿನಲ್ಲಿ ನೆನಸಿರೆಂದು ಸಾವಕಾರರು ಯಾರಿಗೋ ಹೇಳುತ್ತಿದ್ದುದು ಮಾಳಿಗೆಯವರೆಗೂ ಕೇಳಿಸುತ್ತಿತ್ತು. ನದಿಯ ವಿಷಯಕ್ಕೆ ಬಂದಾಗ ಹಿನ್ನೆಲೆಯ ಜಾಗವನ್ನು ಬಿಟ್ಟು ನೇರವಾಗಿ ಮೂರನೆಯ ಅಂಕಣಕ್ಕೆ ಹೋದೆ. ಸಾರ ಬರೆದವಳು ಧಾರವಾಡದವಳು, ಅವಳ ತವರಿನ ನಲ್ಲಿ ಈ ನದಿಯ ನೀರಿಗೆ ಕಾಯುತ್ತಿದೆ, ಅವಳು ಇಷ್ಟು ವರ್ಷ ಕುಡಿದದ್ದು ಗೋವೆಯ ನೀರು ಎಂದು ಬರೆದೆ. ಪರ, ವಿರೋಧಗಳನ್ನು ಅದಾದ ಮೇಲೆ ಬರೆದೆ.